ಹಂಡೆಯ ಬಿಸಿನೀರು, ಜಪಸರದ ಮಣಿ



ಮಳೆಗಾಲದ ಒಂದು ಸಂಜೆ ಮೂಡಿಗೆರೆ ಕಡೆಯ ಒಂದು ಮನೆಗೆ ಭೇಟಿಗೆಂದು ಹೋಗಿದ್ದೆ. ಮೂರು ಎಕರೆ ಕಾಫಿ ತೋಟ, ತಗಡಿನ ಮಾಡಿನ ಮನೆ. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಆ ತಾಯಿ ಒಬ್ಬರೇ ಇದ್ದರು. ಇಲ್ಲಿ ಬರೆಯುತ್ತಿರುವುದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅಡುಗೆಮನೆಯ ಒಲೆಯ ಮುಂದೆ ಕುಳಿತು ಕೇಳಿದ್ದು, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

"ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ ಫಾದರ್," ಎಂದರು. "ತಗಡಿನ ಮೇಲೆ ಮಳೆ ಬಡಿಯೋ ಸದ್ದು ಕೇಳಿದರೆ ಎದೆ ಡವಡವ ಅನ್ನುತ್ತೆ. ಹಿಂದಿನ ಧರೆ ಜರಿದರೆ ಏನು ಗತಿ, ಬ್ಯಾಂಕಿನವರು ಬಂದರೆ ಏನು ಹೇಳಲಿ, ಮಗನ ಫೋನು ಯಾಕೆ ಬಂದಿಲ್ಲ, ಹೀಗೆ ಒಂದರ ಹಿಂದೆ ಒಂದು. ಜಪಸರ ಹಿಡಿದು ಬೇಗ ಬೇಗ ಹೇಳುತ್ತೇನೆ. ಐವತ್ಮೂರು ಮಣಿ ಮುಗಿದರೂ ಎದೆ ಸುಮ್ಮನಾಗಲ್ಲ. ನನ್ನ ವಿಶ್ವಾಸವೇ ಸಾಲದು ಅಂತ ಕಾಣುತ್ತೆ."

ನಾನು ಏನು ಮಾಡಿದೆ ಗೊತ್ತೇ? ಸಂತ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯ ತೆಗೆದು ಆಕಾಶದ ಹಕ್ಕಿಗಳ, ಹೊಲದ ಹೂಗಳ ಭಾಗವನ್ನು ಓದಿದೆ. "ದೇವರಲ್ಲಿ ಭರವಸೆ ಇಡಿ ಅಮ್ಮ, ಚಿಂತೆ ಮಾಡಬೇಡಿ" ಎಂದೆ. ಮನೆಯನ್ನು ಆಶೀರ್ವದಿಸಿದೆ. ಅವರು ಕೊಟ್ಟ ಕಾಫಿ ಕುಡಿದೆ. "ಆಗಲಿ ಫಾದರ್" ಎಂದು ಬಾಗಿಲವರೆಗೆ ಬಂದರು. ಜೀಪಿನಲ್ಲಿ ಹಿಂದಿರುಗುವಾಗ ನನಗೆ ಅರಿವಾಯಿತು. ಅವರಿಗೆ ಇದ್ದ ಮೂರು ಚಿಂತೆಗಳ ಮೇಲೆ ನಾನು ನಾಲ್ಕನೆಯದನ್ನು ಹೇರಿ ಬಂದಿದ್ದೆ. ಧರೆ, ಸಾಲ, ಮಗ. ಇವುಗಳ ಜೊತೆಗೆ ಈಗ "ಫಾದರ್ ಹೇಳಿದ ಹಾಗೆ ಭರವಸೆ ಇಡಲು ನನ್ನಿಂದ ಆಗುತ್ತಿಲ್ಲವಲ್ಲ" ಎಂಬ ಚಿಂತೆ.

ಈ ತಪ್ಪನ್ನು ನಾನೊಬ್ಬನೇ ಮಾಡುವುದಿಲ್ಲ. ನಮ್ಮ ಮನೆಗಳಲ್ಲಿ ಅತ್ತೆ ಸೊಸೆಗೆ, ಗಂಡ ಹೆಂಡತಿಗೆ, ಉಪದೇಶಿ ಧರ್ಮಕೇಂದ್ರದ ಜನರಿಗೆ ಇದೇ ಮಾತು ಹೇಳುತ್ತಾರೆ. ಆದ್ದರಿಂದ ಧರ್ಮಸಭೆ ನಿಜವಾಗಿ ಏನು ಬೋಧಿಸುತ್ತದೆ ಎಂಬುದನ್ನು ಮೊದಲು ನೋಡೋಣ.

ಭಯ, ದುಃಖ, ಕೋಪ ಮುಂತಾದ ಭಾವಗಳು ತಮ್ಮಷ್ಟಕ್ಕೆ ತಾವೇ ಪುಣ್ಯವೂ ಅಲ್ಲ, ಪಾಪವೂ ಅಲ್ಲ ಎಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 1767ನೆಯ ಪರಿಚ್ಛೇದದಲ್ಲಿ ಸ್ಪಷ್ಟಪಡಿಸುತ್ತದೆ. ಎದೆ ಹೊಡೆದುಕೊಳ್ಳುವುದು ಪಾಪವಲ್ಲ. ಗೆತ್ಸೆಮನೆ ತೋಪಿನಲ್ಲಿ ಯೇಸುಸ್ವಾಮಿಗೆ ಬೆವರು ರಕ್ತದ ಹನಿಗಳಂತೆ ಇಳಿಯಿತು. ಅವರ ವಿಶ್ವಾಸ ಕಡಿಮೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಪ್ರತಿ ಬಲಿಪೂಜೆಯಲ್ಲಿಯೂ ಪ್ರಭು ಕಲಿಸಿದ ಪ್ರಾರ್ಥನೆ ಮುಗಿದ ಕೂಡಲೇ ಗುರು ಒಬ್ಬನೇ ಮುಂದುವರಿಸುವ ಪ್ರಾರ್ಥನೆಯೊಂದಿದೆ. ಎಲ್ಲ ಕಳವಳಗಳಿಂದ ನಮ್ಮನ್ನು ಕಾಪಾಡು ಎಂಬುದು ಅದರ ಬೇಡಿಕೆಗಳಲ್ಲೊಂದು. ಕಳವಳವೇ ಇಲ್ಲದವರು ಹಾಗೆ ಬೇಡುವರೇ? ಪೀಠದ ಮುಂದೆ ನಿಲ್ಲುವಾಗಲೇ ನಾವು ಕಳವಳವುಳ್ಳವರೆಂದು ಒಪ್ಪಿಕೊಂಡು ನಿಲ್ಲುತ್ತೇವೆ.

ನಮ್ಮ ಬೆಟ್ಟಗಳಲ್ಲಂತೂ ಕಳವಳಕ್ಕೆ ಕಾರಣಗಳಿಗೆ ಬರವಿಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡಗಳು ಕುಸಿದು ಮನೆ ತೋಟಗಳು ಮಣ್ಣುಪಾಲಾದುದನ್ನು ನೋಡಿದವರು ಇಂದಿಗೂ ಜೋರು ಮಳೆ ಬಂದರೆ ಹಾಸಿಗೆಯ ಮೇಲೆ ಎದ್ದು ಕೂರುತ್ತಾರೆ. ಭದ್ರೆ ಉಕ್ಕಿ ಕಳಸ-ಹೊರನಾಡು ಹಾದಿಯ ಹೆಬ್ಬಾಳೆ ಸೇತುವೆ ಮುಳುಗಿದ ದಿನಗಳಲ್ಲಿ ಆಚೆ ದಡದ ಬಸುರಿಯರ ಮನೆಯವರ ಪಾಡು ಕೇಳಬೇಡಿ. ಕಾಡಾನೆಯ ಭಯದಿಂದ ಬೆಳಗಿನ ಕೆಲಸಕ್ಕೆ ಹೆದರುತ್ತಾ ಹೆಜ್ಜೆ ಇಡುವ ಕಾರ್ಮಿಕರಿದ್ದಾರೆ. ಇನ್ನು ಕಾಫಿಯ ಬೆಲೆ. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ನಿಂತಾಗ ಬೆಲೆ ಬಿತ್ತು. 2001ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟ್‌ಗಿಂತ ಕೆಳಗಿಳಿಯಿತು. 2025ರ ಫೆಬ್ರವರಿಯಲ್ಲಿ ಅದೇ ಪೌಂಡು 4 ಡಾಲರ್ ದಾಟಿತು. ಬೆಲೆ ಬಿದ್ದಾಗ ನಿದ್ದೆ ಇಲ್ಲ, ಸರಿ. ಏರಿದಾಗಲಾದರೂ ನಿದ್ದೆ ಬಂತೇ? ಕಣದ ಕಾಫಿ ಕಳ್ಳರ ಪಾಲಾದೀತೆಂದು ಟಾರ್ಚು ಹಿಡಿದು ಕಾದ ಯಜಮಾನರನ್ನು ನಾನು ಬಲ್ಲೆ. ಇಂದು ಮಾರಿದ ಬೆಲೆ ನಾಳೆ ಇನ್ನೂ ಏರಿದರೆ ಎಂದು ಕೊರಗಿದವರನ್ನೂ ಬಲ್ಲೆ.

ಹೀಗಿರುವಾಗ ಬರಿಯ "ಚಿಂತೆ ಬೇಡ" ಎಂಬ ಮಾತಿನಿಂದ ಏನಾಗುತ್ತದೆ? ಆ ರಾತ್ರಿ ಗುರುನಿವಾಸಕ್ಕೆ ಬಂದವನು ಸೆಮಿನರಿಯ ಕಾಲದ ಟಿಪ್ಪಣಿ ಪುಸ್ತಕಗಳನ್ನು ಕೆದಕಿದೆ. ಸಂತ ಥಾಮಸ್ ಅಕ್ವಿನಾಸರ 'ಸುಮ್ಮಾ ಥಿಯೊಲಾಜಿಕಾ'ದ ಪಾಠ ಅಲ್ಲಿ ಸಿಕ್ಕಿತು. 1225ರ ಸುಮಾರಿಗೆ ಹುಟ್ಟಿ 1274ರಲ್ಲಿ ತೀರಿಕೊಂಡ ಈ ಡೊಮಿನಿಕನ್ ಗುರುವನ್ನು ನಾವು ವಿದ್ಯಾರ್ಥಿಗಳಾಗಿದ್ದಾಗ ಪರೀಕ್ಷೆಗಾಗಿ ಓದಿದ್ದೇ ಹೆಚ್ಚು. ಅವರು ಆತಂಕವನ್ನು ದುಃಖದ ಒಂದು ಬಗೆಯೆಂದು ಎಣಿಸುತ್ತಾರೆ. ಪಾರಾಗುವ ದಾರಿಯೇ ಮನಸ್ಸಿಗೆ ಕಾಣದಂತೆ ಮಾಡುವ ದುಃಖ ಅದು. ಆ ತಾಯಿ ರಾತ್ರಿ ಎರಡು ಗಂಟೆಗೆ ಅನುಭವಿಸುತ್ತಿದ್ದುದು ಇದನ್ನೇ ಅಲ್ಲವೇ? ಮುಂದೆ ದುಃಖಕ್ಕೆ ಮದ್ದು ಯಾವುದೆಂದು ಕೇಳಿಕೊಂಡು ಅವರು ಐದನ್ನು ಹೇಳುತ್ತಾರೆ: ಸಂತೋಷ ಕೊಡುವ ಯಾವುದಾದರೂ ಸಂಗತಿ, ಅಳು, ಸ್ನೇಹಿತರ ಅನುಕಂಪ, ಸತ್ಯದ ಧ್ಯಾನ, ಐದನೆಯದಾಗಿ ನಿದ್ದೆ ಮತ್ತು ಸ್ನಾನ.

ಹೌದು, ಸ್ನಾನ! ಧರ್ಮಸಭೆಯ ಮಹಾ ಪಂಡಿತರು ದೇವಶಾಸ್ತ್ರದ ಗ್ರಂಥದಲ್ಲಿ ಬಚ್ಚಲುಮನೆಗೆ ಜಾಗ ಕೊಟ್ಟಿದ್ದಾರೆ. ಅವರ ತರ್ಕ ಸರಳವಾದುದು. ದುಃಖವು ದೇಹದ ಸಹಜ ಚಲನೆಯನ್ನು ಕೆಡಿಸುತ್ತದೆ. ಆದ್ದರಿಂದ ದೇಹವನ್ನು ಅದರ ಸಹಜ ಸ್ಥಿತಿಗೆ ಮರಳಿಸುವುದೆಲ್ಲ ದುಃಖವನ್ನು ತಗ್ಗಿಸುತ್ತದೆ. ಇದಕ್ಕೆ ಅವರು ಸಂತ ಅಗಸ್ಟೀನರನ್ನು ಸಾಕ್ಷಿಗೆ ಕರೆಯುತ್ತಾರೆ. 387ರಲ್ಲಿ ಓಸ್ತಿಯಾ ಬಂದರಿನಲ್ಲಿ ತಾಯಿ ಸಂತ ಮೋನಿಕಾ ತೀರಿಕೊಂಡಾಗ ಅಗಸ್ಟೀನರು ದುಃಖ ತಡೆಯಲಾರದೆ ಸ್ನಾನಕ್ಕೆ ಹೋದರು. ಸ್ನಾನದಿಂದ ಅವರಿಗೆ ಅಂದು ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಆದರೆ ಮಲಗಿ ಎದ್ದಾಗ ದುಃಖ ಎಷ್ಟೋ ಹಗುರಾಗಿತ್ತೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಒಂದು ಉಪಾಯ ಫಲಿಸಲಿಲ್ಲ, ಇನ್ನೊಂದು ಫಲಿಸಿತು ಎಂದು ಸಂತರೊಬ್ಬರು ಇಷ್ಟು ಪ್ರಾಮಾಣಿಕವಾಗಿ ಬರೆದಿರುವುದು ನನಗಂತೂ ಬಹಳ ಧೈರ್ಯ ಕೊಡುತ್ತದೆ.

ಪವಿತ್ರ ಗ್ರಂಥದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವಿದೆ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ಇಂದು ಮನೆಯಲ್ಲಿ ತೆಗೆದು ಓದಿರಿ. ರಾಣಿ ಈಜೆಬೆಲಳ ಬೆದರಿಕೆಗೆ ಪ್ರವಾದಿ ಎಲೀಯ ಪ್ರಾಣಭಯದಿಂದ ಓಡುತ್ತಾನೆ. ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನೇ ಕೇಳುತ್ತಾನೆ. ಆಗ ದೇವರು ಏನು ಮಾಡಿದರು? ಉಪದೇಶ ಕೊಟ್ಟರೇ? ನಿನ್ನ ವಿಶ್ವಾಸ ಎಲ್ಲಿ ಹೋಯಿತೆಂದು ಗದರಿಸಿದರೇ? ಇಲ್ಲ. ಮಲಗಲು ಬಿಟ್ಟರು. ದೂತನೊಬ್ಬ ಬಂದು ಮುಟ್ಟಿ ಎಬ್ಬಿಸಿದ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಕುಡಿಕೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಮುಟ್ಟಿ ಎಬ್ಬಿಸಿದ, ಮತ್ತೆ ಊಟ. ಆಮೇಲೆ ಹೋರೇಬ್ ಬೆಟ್ಟದವರೆಗೆ ದೀರ್ಘ ನಡಿಗೆ. ದೇವರ ಮೆಲುದನಿ ಕೇಳಿಸಿದ್ದು ಇದೆಲ್ಲ ಆದ ನಂತರ. ನಾನಾದರೋ ಆ ತಾಯಿಯ ಮನೆಯಲ್ಲಿ ರೊಟ್ಟಿ, ನೀರು, ನಿದ್ದೆ ಎಲ್ಲವನ್ನೂ ದಾಟಿ ನೇರ ಹೋರೇಬ್ ಬೆಟ್ಟಕ್ಕೆ ಹಾರಿದ್ದೆ.

ವಾರದ ನಂತರ ಮತ್ತೆ ಆ ಮನೆಗೆ ಹೋದೆ. ಈ ಸಲ ಹೆಚ್ಚು ಮಾತನಾಡಲಿಲ್ಲ, ಕೇಳಿದೆ. ಊಟ ಎಷ್ಟು ಹೊತ್ತಿಗೆ? "ಒಬ್ಬಳೇ ಅಲ್ವಾ ಫಾದರ್, ನಿಂತುಕೊಂಡೇ ಎರಡು ತುತ್ತು." ಕಾಫಿ? "ರಾತ್ರಿ ಒಂಬತ್ತಕ್ಕೆ ಕೊನೇದು." ಸಂಜೆ ಬಿಸಿನೀರು ಸ್ನಾನ ಮಾಡುತ್ತೀರಾ? ಅದಕ್ಕೆ ಅವರು ಕೊಟ್ಟ ಉತ್ತರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ: "ಅವರು ಇದ್ದಾಗ ದಿನಾ ಹಂಡೆ ಕಾಯುತ್ತಿತ್ತು. ಈಗ ಒಬ್ಬಳಿಗೋಸ್ಕರ ಬಚ್ಚಲ ಒಲೆ ಯಾಕೆ ಹಚ್ಚಲಿ?"

ಬಂಧುಗಳೇ, ಆತಂಕ ನಮ್ಮ ಮನೆಯೊಳಗೆ ಬಂದಾಗ ಮೊದಲು ಆರಿಸುವುದು ಈ ಒಲೆಯನ್ನೇ. ಹೊತ್ತಿಗೆ ಸರಿಯಾದ ಊಟ, ಸ್ನಾನ, ಪಕ್ಕದ ಮನೆಯವರೊಡನೆ ಮಾತು, ಅಂಗಳದ ಗಿಡಕ್ಕೆ ನೀರು, ಇವೆಲ್ಲ ಒಂದೊಂದಾಗಿ ನಿಲ್ಲುತ್ತವೆ. "ಇಷ್ಟು ಕಷ್ಟದಲ್ಲಿ ಇದೆಲ್ಲ ಯಾಕೆ" ಎನಿಸುತ್ತದೆ. ಕಷ್ಟದಲ್ಲಿಯೇ ಇವು ಬೇಕು. ಇಡೀ ದಿನ ಮಳೆಯಲ್ಲಿ ನೆಂದು ಬಂದ ಮೇಲೆ ಮರಗಸಿಯ ಸೌದೆಯಲ್ಲಿ ಕಾದ ಹಂಡೆಯ ನೀರು ಬೆನ್ನ ಮೇಲೆ ಬಿದ್ದಾಗ ಆಗುವ ಸುಖವನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಬಿಸಿನೀರು ಸ್ನಾನ ಮಾಡಿದರೆ ಚರ್ಮದ ಮೂಲಕ ಶಾಖ ಹೊರಹೋಗಿ ದೇಹದ ಒಳಗಿನ ಉಷ್ಣ ಇಳಿಯುತ್ತದೆ, ಅದರಿಂದ ನಿದ್ದೆ ಬೇಗ ಹತ್ತುತ್ತದೆ ಎಂದು ವೈದ್ಯರು ಹೇಳುತ್ತಾರೆ. ಹಂಡೆ ಇಲ್ಲದ ಲೈನು ಮನೆಯಲ್ಲಿ ಒಂದು ಬಕೆಟ್ಟು ಬಿಸಿನೀರಿನಲ್ಲಿ ಕಾಲು ಇಟ್ಟು ಕುಳಿತರೂ ಆದೀತು.

ಕಾಫಿಯ ವಿರುದ್ಧ ಬರೆಯುವ ಧೈರ್ಯ ಈ ಬೆಟ್ಟದಲ್ಲಿ ಯಾವ ಪಾದ್ರಿಗೂ ಇರಲಾರದು. ಆದರೂ ಒಂದು ಲೆಕ್ಕ ಹೇಳಬೇಕು. ಕುಡಿದ ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಕುಡಿದರೆ ಎರಡು ಗಂಟೆಗೆ ಅರ್ಧ ಇನ್ನೂ ರಕ್ತದಲ್ಲೇ ಇರುತ್ತದೆ. ಆ ತಾಯಿಗೆ ಎಚ್ಚರವಾಗುತ್ತಿದ್ದುದೂ ಎರಡಕ್ಕೇ. ಎಲ್ಲದಕ್ಕೂ ಕಾಫಿಯೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಹೆದರಿದ ಎದೆಯನ್ನು ಇನ್ನಷ್ಟು ಬಡಿಯುವಂತೆ ಅದು ಮಾಡಬಲ್ಲದು. ಅದರಲ್ಲೂ ರೊಬಸ್ಟಾದಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಕೆಫೀನ್. ಒಳ್ಳೆಯ ಅರೇಬಿಕಾವನ್ನು ಮಾರಿ ಮನೆಗೆ ರೊಬಸ್ಟಾ ಇಟ್ಟುಕೊಳ್ಳುವ ನಮ್ಮವರು ಇದನ್ನು ಗಮನಿಸಬೇಕು. ಮಧ್ಯಾಹ್ನದ ಮೇಲೆ ಒಂದೇ ಲೋಟ, ಸಂಜೆ ಜೀರಿಗೆ ಕಷಾಯ. ಇಷ್ಟು ಸಾಕು.

ಈಗ ಜಪಸರದ ಮಾತು. ಆ ತಾಯಿ "ಬೇಗ ಬೇಗ ಹೇಳುತ್ತೇನೆ" ಎಂದಿದ್ದರಲ್ಲವೇ? 2001ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಟಲಿಯ ಪಾವಿಯಾ ವಿಶ್ವವಿದ್ಯಾಲಯದ ಡಾ. ಲುಚಾನೊ ಬೆರ್ನಾರ್ದಿ ಮತ್ತು ಸಂಗಡಿಗರ ಒಂದು ಅಧ್ಯಯನ ಪ್ರಕಟವಾಯಿತು. ಆರೋಗ್ಯವಂತರಾದ 23 ಮಂದಿ ಲತೀನ್ ಭಾಷೆಯಲ್ಲಿ ಜಪಸರದ ನಮೋ ಮರಿಯಾ ಜಪವನ್ನು ಹೇಳುವಾಗ ಅವರ ಉಸಿರು, ಹೃದಯದ ಬಡಿತ, ರಕ್ತದ ಒತ್ತಡಗಳನ್ನು ಅಳೆದರು. ಉಸಿರಾಟ ತಾನಾಗಿಯೇ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಆ ಲಯದಲ್ಲಿ ಹೃದಯ ಮತ್ತು ರಕ್ತನಾಳಗಳು ಒಂದಕ್ಕೊಂದು ಹೆಚ್ಚು ಹೊಂದಿಕೊಂಡು ನಡೆದವು. ಬೌದ್ಧರ ಒಂದು ಮಂತ್ರವನ್ನು ಹೇಳಿಸಿದಾಗಲೂ ಫಲ ಇದೇ ಆಗಿತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ದೇಹವನ್ನು ಸೃಷ್ಟಿಸಿದ ದೇವರು ಎಲ್ಲರಿಗೂ ಒಬ್ಬರೇ ತಾನೇ? ಕೃಪೆಯು ಮನುಷ್ಯ ಸ್ವಭಾವವನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಅಕ್ವಿನಾಸರ ಇನ್ನೊಂದು ಬೋಧನೆ. ಜಪಸರ ಉಸಿರಾಟದ ವ್ಯಾಯಾಮವಲ್ಲ, ನಿಜ. ಆದರೆ ಮರಿಯಮ್ಮನವರನ್ನು ಕರೆಯುವ ಬಾಯಿಗೆ ಉಸಿರೂ ಇದೆಯಲ್ಲವೇ?

ಇದರ ಒಳಗುಟ್ಟು ಇಷ್ಟೇ. ಹೆದರಿದಾಗ ದೇಹ ಅಡ್ರಿನಲಿನ್ ಸುರಿಸಿ ಓಡಲು ಸಿದ್ಧವಾಗುತ್ತದೆ, ಉಸಿರು ಚಿಕ್ಕದಾಗುತ್ತದೆ. ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಹೊರಬಿಟ್ಟಾಗ ಹೃದಯದ ಬಡಿತ ತಗ್ಗುತ್ತದೆ. ಒಬ್ಬರು ಜಪದ ಮೊದಲರ್ಧ ಹೇಳಿ, ಉಳಿದವರು ಉತ್ತರಾರ್ಧ ಹೇಳುವ ನಮ್ಮ ಹಳೆಯ ಪದ್ಧತಿಯಲ್ಲಿ ಇದು ತಾನಾಗಿಯೇ ಆಗುತ್ತದೆ. ಒಬ್ಬರು ಹೇಳುವಾಗ ಇನ್ನೊಬ್ಬರು ಉಸಿರು ತೆಗೆದುಕೊಳ್ಳುತ್ತಾರೆ. ಆದರೆ ಧಾರಾವಾಹಿ ಶುರುವಾಗುವ ಮುನ್ನ, ಕರೆಂಟು ಹೋಗುವ ಮುನ್ನ ಮುಗಿಸಬೇಕೆಂದು ರೈಲು ಓಡಿಸಿದರೆ? ಮರಿಯಮ್ಮನವರಿಗೆ ಅರ್ಥವಾದೀತು, ನಿಮ್ಮ ಎದೆಗೆ ಅರ್ಥವಾಗದು. ಒಂಟಿಯಾಗಿ ಹೇಳಿದರೂ ಬೇಗ ಬೇಗ ಓಡುತ್ತದೆ. ಜೊತೆಗೆ ಯಾರನ್ನಾದರೂ ಕರೆಯಿರಿ. ಆಗದಿದ್ದರೆ ಐದು ದಶಕಗಳ ಬದಲು ಒಂದೇ ದಶಕ, ಆದರೆ ನಿಧಾನವಾಗಿ.

ಕೊಂಕಣಿ ಮಾತನಾಡುವ ನಮ್ಮ ಮನೆಗಳಲ್ಲಿ ತೆರ್ಸ್ ಮುಗಿದ ಮೇಲೆ ಮಕ್ಕಳು ಹಿರಿಯರ ಬಳಿ ಬಂದು ಬೆಸಾಂವ್ ಕೇಳುವ ವಾಡಿಕೆ ಇದೆ. ಅಜ್ಜಿ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾಳೆ. ಪರೀಕ್ಷೆಯ ಭಯದಲ್ಲಿರುವ ಮಗುವಿಗೆ ಆ ಕೈಯ ಬಿಸುಪಿಗಿಂತ ದೊಡ್ಡ ಮದ್ದು ಇನ್ನೊಂದಿಲ್ಲ. ಎಲೀಯನನ್ನು ದೂತನು ದೂರದಿಂದ ಕೂಗಿ ಎಬ್ಬಿಸಲಿಲ್ಲ, ಮುಟ್ಟಿ ಎಬ್ಬಿಸಿದ. ಈ ವಾಡಿಕೆ ನಿಂತುಹೋದ ಮನೆಗಳಲ್ಲಿ ದಯವಿಟ್ಟು ಇದನ್ನು ಮತ್ತೆ ಆರಂಭಿಸಿ.

ಕೈಗಳಿಗೂ ಏನಾದರೂ ಕೆಲಸ ಬೇಕು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸಂತ ಅಂತೋಣಿಯವರು ಒಮ್ಮೆ ಮನಸ್ಸಿನ ಕಳವಳ ತಾಳದೆ ದೇವರನ್ನು ಕೇಳಿಕೊಂಡರಂತೆ. ಹೊರಗೆ ಬಂದು ನೋಡಿದರೆ ತಮ್ಮಂಥವನೇ ಒಬ್ಬ ಕುಳಿತು ಹಗ್ಗ ಹೆಣೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಪ್ರಾರ್ಥಿಸಿದ. ಮತ್ತೆ ಕುಳಿತು ಹೆಣೆದ. ಅವನು ದೇವದೂತ, ಹೀಗೇ ಮಾಡು ಎಂದು ಅವರಿಗೆ ತೋರಿಸಲು ಬಂದವನು. ನಮ್ಮಲ್ಲಿ ಕರಿಮೆಣಸು ಆಯುವುದು, ಅಕ್ಕಿಯ ಕಲ್ಲು ತೆಗೆಯುವುದು, ಹರಿದ ಚೀಲ ಹೊಲಿಯುವುದು ಆ ಹಗ್ಗದ ಜಾಗದಲ್ಲಿವೆ. ಹಗಲಿನಲ್ಲಿ ತೋಟದೊಳಗೆ ಒಂದು ಸುತ್ತು ನಡೆಯುವುದೂ ಅಷ್ಟೇ ಒಳ್ಳೆಯದು. ಆನೆಯ ಸುಳಿವಿರುವ ಕಡೆ ಮುಸ್ಸಂಜೆಯ ನಡಿಗೆ ಮಾತ್ರ ಬೇಡ, ವಿಶ್ವಾಸದ ಹೆಸರಿನಲ್ಲೂ ಬೇಡ.

ಆದರೆ ಸಮಾಧಾನದ ವೇಷ ಹಾಕಿ ಬರುವ ಮೋಸಗಾರರೂ ಇದ್ದಾರೆ. ಹೆಂಡದ ವಿಷಯ ಗಂಡಸರಿಗೆ ಹೇಳಲೇಬೇಕು. ಕುಡಿದ ಕೂಡಲೇ ಕಣ್ಣು ಮುಚ್ಚುತ್ತದೆ. ನಡುರಾತ್ರಿ ನಿದ್ದೆ ಒಡೆಯುತ್ತದೆ. ಬೆಳಗ್ಗೆ ಹಳೆಯ ಭಯ ಬಡ್ಡಿ ಸಮೇತ ಎದುರಿಗೆ ನಿಂತಿರುತ್ತದೆ. ಇನ್ನೊಂದು ಮೊಬೈಲ್ ಫೋನು. ನ್ಯೂಯಾರ್ಕಿನ ಕಾಫಿ ಮಾರುಕಟ್ಟೆ ನಮ್ಮ ರಾತ್ರಿ ಹತ್ತಕ್ಕೂ ತೆರೆದಿರುತ್ತದೆ. ಹಾಸಿಗೆಯಲ್ಲಿ ಅದನ್ನು ನೋಡುತ್ತಾ ಮಲಗಿದವನ ಹೊಟ್ಟೆಯಲ್ಲಿ ಆ ಏರಿಳಿತವೇ ರಾತ್ರಿಯಿಡೀ ನಡೆಯುತ್ತದೆ. ನೀವು ನೋಡಿದಿರೆಂದು ಬೆಲೆ ಏರುವುದಿಲ್ಲ. ಫೋನನ್ನು ಪೀಠದ ಶಿಲುಬೆಯ ಕೆಳಗಿಟ್ಟು ಮಲಗುವ ಒಬ್ಬ ಯುವಕ ನಮ್ಮ ಧರ್ಮಕೇಂದ್ರದಲ್ಲಿದ್ದಾನೆ. ನೋಡಿ ನಗಬೇಡಿ, ಅವನು ಚೆನ್ನಾಗಿ ನಿದ್ದೆ ಮಾಡುತ್ತಾನೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಬಿಸಿನೀರು, ಕಷಾಯ, ಜಪಸರಗಳಿಗೆ ಬಗ್ಗದ ಆತಂಕವೂ ಇದೆ. ವಾರಗಟ್ಟಲೆ ನಿದ್ದೆ ಊಟ ಇಲ್ಲದಿದ್ದರೆ, ಕೆಲಸಕ್ಕೆ ಹೋಗಲಾಗದಷ್ಟು ಭಯವಾದರೆ, ಎದೆನೋವು ಬಂದರೆ, ಅಥವಾ ಎಲೀಯನಂತೆ ಬದುಕು ಸಾಕೆನಿಸಿದರೆ ತಡಮಾಡದೆ ವೈದ್ಯರ ಬಳಿ ಹೋಗಿ. ವೈದ್ಯನನ್ನು ಗೌರವಿಸಬೇಕು, ಅವನೂ ಅವನ ಮದ್ದೂ ದೇವರ ಸೃಷ್ಟಿಯೇ ಎಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯ ಹೇಳುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವಾಗ ವಿಶ್ವಾಸ ಕಡಿಮೆಯಾಗುವುದಿಲ್ಲವಾದರೆ ಮನಸ್ಸಿನ ಮಾತ್ರೆಯಿಂದ ಏಕೆ ಕಡಿಮೆಯಾಗಬೇಕು? ಘಟ್ಟದ ಹಾದಿ ಇಳಿದು ಪೇಟೆಗೆ ಹೋಗಲಾಗದವರಿಗೆ 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ದೂರವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ ಶುಲ್ಕವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಹಾಗೆಯೇ, ಧರೆ ಜರಿಯುವ ಭಯಕ್ಕೆ ನಿಜವಾದ ಕಾರಣವಿದ್ದರೆ ಕಷಾಯ ಕುಡಿದು ಮಲಗಬೇಡಿ. ಮಳೆ ಜೋರಾಗುವ ಮೊದಲೇ ನೆಂಟರ ಮನೆಗೆ ಹೋಗಿ. ಭಯವೂ ಕೆಲವೊಮ್ಮೆ ದೇವರು ಕಳಿಸಿದ ಕಾವಲುಗಾರ.

ಆ ತಾಯಿಯ ಮನೆಗೆ ತಿಂಗಳ ಮೇಲೆ ಮೂರನೆಯ ಸಲ ಹೋದೆ. ಬಚ್ಚಲಿನ ಮೇಲೆ ಹೊಗೆ ಏಳುತ್ತಿತ್ತು. ಹಿಂದಿನ ಧರೆಯ ಚರಂಡಿಯನ್ನು ಧರ್ಮಕೇಂದ್ರದ ಯುವಕರು ಬಿಡಿಸಿಕೊಟ್ಟಿದ್ದರು. ಸಂಜೆ ಏಳಕ್ಕೆ ಲೈನು ಮನೆಯಿಂದ ಇನ್ನೊಬ್ಬ ವಿಧವೆ ಜಪಸರಕ್ಕೆ ಬರುತ್ತಾರಂತೆ. ಜಪ ಮುಗಿದ ಮೇಲೆ ಇಬ್ಬರೂ ಕುಳಿತು ಊಟ ಮಾಡುತ್ತಾರೆ. "ಎರಡು ಗಂಟೆಗೆ ಈಗಲೂ ಎಚ್ಚರ ಆಗುತ್ತೆ ಫಾದರ್," ಎಂದರು. "ವಾರದಲ್ಲಿ ನಾಲ್ಕು ದಿನ ಮತ್ತೆ ನಿದ್ದೆ ಬರುತ್ತೆ. ಮೂರು ದಿನ ಬರಲ್ಲ."

ಹೊರಡುವ ಮುನ್ನ ಅಭ್ಯಾಸಬಲದಿಂದ ಕಾಫಿಗಾಗಿ ಒಲೆಯ ಕಡೆ ನೋಡಿದೆ. "ನೀವು ಎಷ್ಟು ಗಂಟೆಗೆ ಮಲಗುತ್ತೀರಿ ಫಾದರ್?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಒಳಗೆ ಹೋಗಿ ಒಂದು ಲೋಟ ಜೀರಿಗೆ ಕಷಾಯ ತಂದು ಕೈಗೆ ಕೊಟ್ಟರು.